ಐದು ಹೊಳೆಗಳ ನಾಡಿನಲ್ಲಿ ನೀರು ಹಿಡಿದವರು

ಕ್ರಿ.ಶ. 1110ರಲ್ಲಿ ಕೊಲ್ಹಾಪುರದ ಶಿಲಾಹಾರ ಅರಸ ಗಂಡರಾದಿತ್ಯ ಮಿರಜ ನಾಡಿನ ಇರುಕುಡಿಯಲ್ಲಿ ಒಂದು ಕೆರೆ ಕಟ್ಟಿಸಿ, ಅದಕ್ಕೆ ಗಂಡಸಮುದ್ರವೆಂದು ಹೆಸರಿಟ್ಟ. ಕೆರೆಯ ದಂಡೆಯಲ್ಲಿ ಈಶ್ವರ, ಬುದ್ಧ, ಜಿನ ಮೂವರನ್ನೂ ಪ್ರತಿಷ್ಠಾಪಿಸಿ ಮೂವರ ಪೂಜೆಗೂ ಭೂಮಿ ಬಿಟ್ಟ. ಅವನ ತಾಮ್ರಶಾಸನ ಹೇಳುವ ಈ ಸಂಗತಿಯನ್ನು ಮತಸಾಮರಸ್ಯದ ನಿದರ್ಶನವೆಂದು ಇತಿಹಾಸಕಾರರು ಎತ್ತಿ ತೋರಿಸುತ್ತಾರೆ. ಅದು ನಿಜ. ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಕೃಷ್ಣೆ, ಪಂಚಗಂಗೆ, ದೂಧಗಂಗೆಗಳು ಹರಿಯುವ ಸೀಮೆಯ ಅರಸನಿಗೆ ಕೆರೆ ಏಕೆ ಬೇಕಾಯಿತು?

ಉತ್ತರ ಮಳೆಯಲ್ಲಿದೆ. ಸಹ್ಯಾದ್ರಿಯ ನೆತ್ತಿಯಲ್ಲಿರುವ ಗಗನಬಾವಡಾದಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಅಲ್ಲಿಂದ ಮೂಡಲಿಗೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಶಿರೋಳದಲ್ಲಿ ಅದರ ಏಳನೆಯ ಒಂದು ಪಾಲು ಬಿದ್ದರೆ ರೈತ ದೇವರಿಗೆ ಕೈಮುಗಿಯುತ್ತಾನೆ. ಘಟ್ಟದಲ್ಲಿ ಬಿದ್ದ ನೀರು ಮೂರು ನಾಲ್ಕು ತಿಂಗಳು ದಡ ಮೀರಿ ಹರಿದು ಹೋಗುತ್ತದೆ. ಆಮೇಲಿನ ಎಂಟು ತಿಂಗಳು ಹೊಳೆ ತಳ ಕಾಣುತ್ತದೆ. ಹೊಳೆಸಾಲಿನ ಎರೆಭೂಮಿ ಎಷ್ಟೇ ಫಲವತ್ತಾಗಿದ್ದರೂ, ದೀಪಾವಳಿ ಕಳೆದ ಮೇಲೆ ನೀರು ಹಿಡಿದಿಟ್ಟವನಿಗಷ್ಟೇ ಎರಡನೆಯ ಬೆಳೆ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಸೀಮೆಯ ಒಂಬೈನೂರು ವರ್ಷಗಳ ಕತೆ ಎಂದರೆ ಹೀಗೆ ನೀರು ಹಿಡಿದವರ ಕತೆ. ಒಬ್ಬೊಬ್ಬರಾಗಿ ಹಿಡಿಯಲಾಗದ ನೀರನ್ನು ಕೂಡಿ ಹಿಡಿದದ್ದರಿಂದಲೇ ಈ ನಾಡು ಶ್ರೀಮಂತವಾಯಿತು.

ಹೊಳೆಗಳ ದಾರಿ

ಕಾಸಾರಿ, ಕುಂಭಿ, ತುಳಸಿ, ಭೋಗಾವತಿ ಎಂಬ ನಾಲ್ಕು ಹೊಳೆಗಳು ಘಟ್ಟದಿಂದಿಳಿದು ಕೊಲ್ಹಾಪುರದ ಸಮೀಪದ ಪ್ರಯಾಗ ಚಿಖಲಿಯಲ್ಲಿ ಕೂಡುತ್ತವೆ. ಗುಪ್ತಗಾಮಿನಿಯಾದ ಸರಸ್ವತಿಯನ್ನು ಸೇರಿಸಿ ಜನ ಇದನ್ನು ಪಂಚಗಂಗೆ ಎನ್ನುತ್ತಾರೆ. ಕೊಲ್ಹಾಪುರವನ್ನು ಬಳಸಿ, ಇಚಲಕರಂಜಿಯನ್ನು ದಾಟಿ ಅದು ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ತೆಂಕಲಿನ ವೇದಗಂಗೆ, ದೂಧಗಂಗೆಗಳು ಚಿಕ್ಕೋಡಿ ಸೀಮೆಯ ಭೋಜದಲ್ಲಿ ಒಂದಾಗಿ, ಯಡೂರಿನ ಆಸುಪಾಸಿನಲ್ಲಿ ಕೃಷ್ಣೆಗೆ ಸೇರುತ್ತವೆ. ಇನ್ನೂ ತೆಂಕಲಿಗೆ ಆಂಬೋಲಿಯ ಬಳಿ ಹುಟ್ಟುವ ಹಿರಣ್ಯಕೇಶಿ ಆಜರಾ, ಗಡಹಿಂಗ್ಲಜಗಳನ್ನು ಹಾದು ನಮ್ಮ ಸಂಕೇಶ್ವರಕ್ಕೆ ಬಂದು, ಮುಂದೆ ಘಟಪ್ರಭೆಯಲ್ಲಿ ಬೆರೆಯುತ್ತದೆ. ಈ ಹೊಳೆಗಳ ನೀರೆಲ್ಲ ಮಹಾರಾಷ್ಟ್ರದಲ್ಲಿ ಹುಟ್ಟಿ ಕರ್ನಾಟಕಕ್ಕೆ ಹರಿದುಬರುವಂಥದ್ದು. ದಡದ ಜನರ ಮಾತು, ಮದುವೆ ಸಂಬಂಧ, ಜಾತ್ರೆ, ಸಂತೆಗಳೂ ಇದೇ ದಾರಿ ಹಿಡಿದವು.

ಶಿಲಾಹಾರರ ಕಾಲದಲ್ಲಿ ಇಲ್ಲಿ ಕಲ್ಲಿಗೆ ಹತ್ತಿದ ಭಾಷೆ ಬಹುಮಟ್ಟಿಗೆ ಕನ್ನಡ. ಗಂಡರಾದಿತ್ಯನ ಸಾಮಂತ ನಿಂಬದೇವ ಕೊಲ್ಹಾಪುರದಲ್ಲಿ ರೂಪನಾರಾಯಣ ಬಸದಿಯನ್ನು ಕಟ್ಟಿಸಿದ. ಅವನ ಗುರು ಮಾಘನಂದಿ ಸಿದ್ಧಾಂತದೇವ. ಕೊಲ್ಹಾಪುರದಲ್ಲಿ ಸಿಕ್ಕಿದ 1135ರ ಕನ್ನಡ ಶಾಸನವೊಂದು, ಕವಡೆಗೊಳ್ಳದ ಸಂತೆಯಲ್ಲಿ ನಿಂಬದೇವ ಕಟ್ಟಿಸಿದ ಪಾರ್ಶ್ವನಾಥ ಬಸದಿಗೆ ವೀರಬಣಂಜು ವ್ಯಾಪಾರಿಗಳು ಕೂಡಿ ಆಯ ಬಿಟ್ಟುಕೊಟ್ಟದ್ದನ್ನು ದಾಖಲಿಸಿದೆ. ಸಂತೆಯ ನಡುವೆ ಬಸದಿ, ಬಸದಿಗೆ ಸಂತೆಯ ಮಾಲಿನಿಂದಲೇ ಪಾಲು. ಹೊಳೆಸಾಲಿನ ಬೆಳೆ ಸಂತೆಗೆ ಬಂದು, ಅಲ್ಲಿಂದ ಗುಡಿಗೂ ವಿದ್ಯೆಗೂ ಹರಿಯುವ ಏರ್ಪಾಟು ಅದು. ಗಂಡರಾದಿತ್ಯನ ಮಗ ವಿಜಯಾದಿತ್ಯನ ಮಂತ್ರಿ ಲಕ್ಷ್ಮಣನ ಆಶ್ರಯದಲ್ಲಿ ಕರ್ಣಪಾರ್ಯ ಕನ್ನಡದಲ್ಲಿ ನೇಮಿನಾಥಪುರಾಣವನ್ನು ಬರೆದ. ಹಿರಣ್ಯಕೇಶಿಯ ದಡದ ಆಜರಾದಲ್ಲಿ ಗಂಡರಾದಿತ್ಯ ಕಟ್ಟಿಸಿದ್ದ ಜಿನಾಲಯದಲ್ಲಿ ಕುಳಿತು ಸೋಮದೇವ 1205ರಲ್ಲಿ ಶಬ್ದಾರ್ಣವಚಂದ್ರಿಕೆ ಎಂಬ ಸಂಸ್ಕೃತ ವ್ಯಾಕರಣವನ್ನು ಮುಗಿಸಿದ. ಇಂದು ಆಜರಾ ಎಂದರೆ ನೆನಪಾಗುವುದು ಘಮಘಮಿಸುವ ಘನಸಾಳ ಅಕ್ಕಿ. ಎಂಟುನೂರು ವರ್ಷಗಳ ಹಿಂದೆ ಅದು ಪಂಡಿತರ ಊರೂ ಆಗಿತ್ತು.

ಕೃಷ್ಣೆಯ ದಡದ ಖಿದ್ರಾಪುರದಲ್ಲಿ ಆ ಕಾಲ ಇನ್ನೂ ನಿಂತಿದೆ. ಕೋಪೇಶ್ವರ ಗುಡಿಯ ಮುಂದಿನ ಸ್ವರ್ಗಮಂಟಪಕ್ಕೆ 48 ಕಂಬಗಳು. ನಡುವೆ ಚಾವಣಿಯಿಲ್ಲ, ದುಂಡಗೆ ತೆರೆದ ಆಕಾಶ. ಅದರ ನೇರ ಕೆಳಗೆ ಅದೇ ಅಳತೆಯ ದುಂಡು ಕಲ್ಲುಹಾಸು. ಹೊರಗೋಡೆಯ ಬುಡದಲ್ಲಿ ಇಡೀ ಗುಡಿಯ ಭಾರ ಹೊತ್ತು ನಿಂತ ಆನೆಗಳ ಸಾಲು, ಒಂದೊಂದರ ನಿಲುವೂ ಬೇರೆ. ಇಲ್ಲಿನ ಶಾಸನಗಳಲ್ಲಿ ಹೆಚ್ಚಿನವು ಹಳಗನ್ನಡದವು. ಯಾದವ ಸಿಂಘಣನದು ಮಾತ್ರ ಸಂಸ್ಕೃತದಲ್ಲಿದೆ. ಶಿಲಾಹಾರರ ಕೊನೆಯ ಅರಸ ಇಮ್ಮಡಿ ಭೋಜನನ್ನು ಸೋಲಿಸಿ ಈ ನಾಡನ್ನು ಗೆದ್ದವನು ಅವನೇ. ಶಿವನ ಈ ದೊಡ್ಡ ಗುಡಿಯಲ್ಲಿ ನಂದಿಯಿಲ್ಲ. ನಂದಿ ಇರುವುದು ಹೊಳೆಯಾಚೆ ಯಡೂರಿನಲ್ಲಿ ಎಂದು ಎರಡೂ ದಡದ ಜನ ನಂಬುತ್ತಾರೆ. ಲಿಂಗ ಮಹಾರಾಷ್ಟ್ರದಲ್ಲಿ, ನಂದಿ ಕರ್ನಾಟಕದಲ್ಲಿ. 1956ರಲ್ಲಿ ರಾಜ್ಯಗಳ ಗಡಿ ನಡುವೆ ಬಂದರೂ ಭಕ್ತರ ಓಡಾಟ ನಿಲ್ಲಲಿಲ್ಲ.

ಈ ಶಾಸನ ಸಂಪತ್ತನ್ನು ಕನ್ನಡಿಗರ ಕೈಗಿತ್ತವರು ಕೆ. ಜಿ. ಕುಂದಣಗಾರರು. ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಲೇ ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಸಂಪಾದಿಸಿ 1939ರಲ್ಲಿ ಪ್ರಕಟಿಸಿದರು. ಅದೇ ಕಾಲೇಜಿನಲ್ಲಿ ದೂಧಗಂಗೆಯ ದಡದ ಸದಲಗಾದವರಾದ ಆ. ನೇ. ಉಪಾಧ್ಯೆ ಪ್ರಾಕೃತ ಗ್ರಂಥಗಳ ಸಂಶೋಧನೆಯಲ್ಲಿ ಬಾಳು ಸವೆಸಿದರು. ಇಬ್ಬರೂ ಮುಂದೆ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕುಂದಣಗಾರರು 1961ರ ಗದಗ ಸಮ್ಮೇಳನಕ್ಕೆ, ಉಪಾಧ್ಯೆಯವರು 1967ರ ಶ್ರವಣಬೆಳಗೊಳ ಸಮ್ಮೇಳನಕ್ಕೆ.

ಜಹಗೀರುಗಳ ಕಾಲ

ಮರಾಠರ ಆಳ್ವಿಕೆಯಲ್ಲಿ ಹೊಳೆಸಾಲು ಜಹಗೀರುಗಳಾಗಿ ಹಂಚಿಹೋಯಿತು. ಕುರುಂದವಾಡ ಪಟವರ್ಧನರಿಗೆ, ಕಾಗಲ ಘಾಟಗೆಯವರಿಗೆ, ಇಚಲಕರಂಜಿ ಘೋರ್ಪಡೆಯವರಿಗೆ. ಇಚಲಕರಂಜಿಯ ಮನೆತನ ಮೂಲತಃ ಜೋಶಿಯವರದು. ಸೇನಾಪತಿ ಸಂತಾಜಿ ಘೋರ್ಪಡೆಯ ಆಶ್ರಯದಲ್ಲಿ ಬೆಳೆದ ನಾರೋ ಮಹಾದೇವ ಕೃತಜ್ಞತೆಯಿಂದ ಧಣಿಯ ಅಡ್ಡಹೆಸರನ್ನೇ ತನ್ನದಾಗಿಸಿಕೊಂಡ. ಅವನ ಮಗ ವೆಂಕಟರಾವ್ ಪೇಶ್ವೆ ಬಾಳಾಜಿ ವಿಶ್ವನಾಥನ ಮಗಳು ಅನುಬಾಯಿಯನ್ನು ಮದುವೆಯಾದ. ಗಂಡನ ನಂತರ ಜಹಗೀರನ್ನು ಗಟ್ಟಿಯಾಗಿ ಹಿಡಿದು ನಡೆಸಿದ ಹೆಣ್ಣುಮಗಳು ಆಕೆ.

ಅರಸರು ಬದಲಾದಷ್ಟು ಸುಲಭವಾಗಿ ಭೂಮಿಯ ಮೇಲಿನ ಹಕ್ಕು ಬದಲಾಗುವುದಿಲ್ಲ. ಗಡಹಿಂಗ್ಲಜದ ಬಳಿಯ ಸಾಮಾನಗಡ ಅದಕ್ಕೆ ಸಾಕ್ಷಿ. ಕೋಟೆ ಕಾಯುವ ಗಡಕರಿಗಳಿಗೆ ತಲೆತಲಾಂತರದಿಂದ ಇನಾಮು ಭೂಮಿಯಿತ್ತು. ಬ್ರಿಟಿಷರ ಒತ್ತಾಸೆಯಿಂದ ಕೊಲ್ಹಾಪುರದ ಕಾರಭಾರ ನಡೆಸುತ್ತಿದ್ದವರು ಅದನ್ನು ಮಾಮಲೇದಾರರ ಕೈಕೆಳಗೆ ತರಹೊರಟಾಗ 1844ರಲ್ಲಿ ಸಾಮಾನಗಡದ ಬಾಗಿಲು ಮುಚ್ಚಿತು. ಅಲ್ಲಿ ಎದ್ದ ಬಂಡಾಯ ಬೇರೆ ಕೋಟೆಗಳಿಗೂ ಹಬ್ಬಿತು. ಅದನ್ನು ಅಡಗಿಸಲು ಕಂಪನಿಗೆ ದೊಡ್ಡ ಸೈನ್ಯವೇ ಬೇಕಾಯಿತು.

ಧಾರವಾಡದಲ್ಲಿ ಓದಿದ ದೊರೆ

1874ರಲ್ಲಿ ಕಾಗಲದ ಘಾಟಗೆ ಮನೆತನದಲ್ಲಿ ಹುಟ್ಟಿದ ಯಶವಂತರಾವ್ ದತ್ತಕದ ಮೂಲಕ ಕೊಲ್ಹಾಪುರದ ಗಾದಿಗೆ ಬಂದು ಶಾಹು ಛತ್ರಪತಿಯಾದರು. ಗಾದಿಯ ಅಧಿಕಾರ ಕೈಗೆ ಬರುವ ಮುನ್ನ ಅವರು ಓದಿದ್ದು ಧಾರವಾಡದಲ್ಲಿ, ಫ್ರೇಜರ್ ಎಂಬ ಆಂಗ್ಲ ಅಧಿಕಾರಿಯ ಬಳಿ. 1894ರ ಏಪ್ರಿಲ್ 2ರಂದು ಇಪ್ಪತ್ತರ ಹೊಸ್ತಿಲಲ್ಲಿ ರಾಜ್ಯಭಾರ ವಹಿಸಿಕೊಂಡರು. ಮರುವರ್ಷವೇ ರೈಲು ನಿಲ್ದಾಣದ ಹತ್ತಿರ ಶಾಹುಪುರಿ ಪೇಟೆಯನ್ನು ಕಟ್ಟಿಸಿ ಬೆಲ್ಲದ ವ್ಯಾಪಾರಕ್ಕೆ ನೆಲೆ ಒದಗಿಸಿದರು.

ಆಮೇಲೆ ಬಂದದ್ದು ಬರಗಾಲ. 1896–97ರಲ್ಲಿ ಮಳೆ ಕೈಕೊಟ್ಟಿತು. ಅದರ ಬೆನ್ನಿಗೇ ಪ್ಲೇಗು, ಶತಮಾನ ತಿರುಗುವ ಹೊತ್ತಿಗೆ ಮತ್ತೊಂದು ಬರ. ದೊರೆ ಕುದುರೆಯೇರಿ ಹಳ್ಳಿಹಳ್ಳಿ ಸುತ್ತಿದರು. ಅಗ್ಗದ ಧಾನ್ಯದ ಅಂಗಡಿ ತೆರೆಸಿದರು, ರೈತರಿಗೆ ತಗಾವಿ ಸಾಲ ಕೊಟ್ಟರು, ದನಗಳಿಗೆ ಮೇವಿನ ಶಿಬಿರ ನಡೆಸಿದರು, ಬರಗಾಲದ ಕಾಮಗಾರಿಯಲ್ಲಿ ದುಡಿಯುವ ತಾಯಂದಿರ ಕೂಸುಗಳನ್ನು ನೋಡಿಕೊಳ್ಳಲು ಶಿಶುಗೃಹ ತೆರೆದರು. ಆದರೂ ಬರದಲ್ಲಿ ಅನ್ನ ಹಂಚಿದಷ್ಟಕ್ಕೆ ಬರ ತಪ್ಪುವುದಿಲ್ಲ ಎಂಬುದು ಅವರಿಗೆ ಮನದಟ್ಟಾಗಿತ್ತು. ಘಟ್ಟದಲ್ಲಿ ಅಷ್ಟು ನೀರು ಸುರಿಯುವಾಗ ಬಯಲಿನ ಜನ ಉಪವಾಸ ಬೀಳುವುದು ಆಡಳಿತದ ಸೋಲು.

1908ರಲ್ಲಿ ಭೋಗಾವತಿಗೆ ಅಡ್ಡಲಾಗಿ, ಫೇಜಿವಾಡೆಯ ಬಳಿ ಅಣೆಕಟ್ಟಿನ ಕೆಲಸ ಶುರುವಾಯಿತು. ಅಲ್ಲಿ ಎದ್ದ ಊರು ದೊರೆಯ ಮಗಳು ರಾಧಾಬಾಯಿಯ ಹೆಸರಿನಲ್ಲಿ ರಾಧಾನಗರಿಯಾಯಿತು. ಜಲಾಶಯಕ್ಕೆ ಮಹಾರಾಣಿ ಲಕ್ಷ್ಮೀಬಾಯಿಯ ಹೆಸರು. ಬ್ರಿಟಿಷ್ ಇಂಡಿಯಾದ ಬೊಕ್ಕಸವಿಲ್ಲದೆ, ಒಂದು ಸಣ್ಣ ಸಂಸ್ಥಾನ ತನ್ನ ಹಣದಿಂದ ಇಂಥ ಅಣೆಕಟ್ಟಿಗೆ ಕೈಹಾಕಿದ್ದು ಆ ಕಾಲಕ್ಕೆ ದೊಡ್ಡ ಎದೆಗಾರಿಕೆ. ಹಣ ಸಾಲದೆ ಗೋಡೆ ಅರ್ಧಕ್ಕೆ ನಿಂತಿತು. 1922ರ ಮೇ 6ರಂದು ಶಾಹು ತೀರಿಕೊಂಡಾಗ ಕೆಲಸ ಮುಗಿದಿರಲಿಲ್ಲ. ಸ್ವಾತಂತ್ರ್ಯ ಬಂದು, ಸಂಸ್ಥಾನ 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ಸೇರಿದ ಮೇಲೆ, 1950ರ ದಶಕದಲ್ಲಿ ಅದು ಪೂರ್ಣವಾಯಿತು. ಎಂಟು ಟಿಎಂಸಿಗೆ ತುಸು ಮೇಲ್ಪಟ್ಟು ನೀರು ಹಿಡಿಯುವ ಈ ಅಣೆಕಟ್ಟಿಗೆ ಏಳು ಸ್ವಯಂಚಾಲಿತ ಬಾಗಿಲುಗಳಿವೆ. ನೀರು ಮಟ್ಟ ಮುಟ್ಟಿದೊಡನೆ ವಿದ್ಯುತ್ತಿನ ಹಂಗಿಲ್ಲದೆ ತಾವಾಗಿಯೇ ತೆರೆಯುತ್ತವೆ.

ಶಾಹು ನೀರಿನ ಜೊತೆಗೆ ನೌಕರಿಯ ಮತ್ತು ಭೂಮಿಯ ಹಕ್ಕಿನ ಪ್ರಶ್ನೆಗೂ ಕೈಹಾಕಿದರು. 1902ರ ಜುಲೈ 26ರಂದು ಸಂಸ್ಥಾನದ ನೌಕರಿಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟರು. 1918ರಲ್ಲಿ ಮಹಾರ ವತನವನ್ನು ರದ್ದು ಮಾಡಿ, ಊರ ಬಿಟ್ಟಿ ಚಾಕರಿಯಿಂದ ಅವರನ್ನು ಬಿಡಿಸಿ, ಭೂಮಿಯನ್ನು ಅವರ ಹೆಸರಿಗೇ ಮಾಡಿಕೊಟ್ಟರು. 1920ರ ಮಾರ್ಚ್ 21, 22ರಂದು ಇಚಲಕರಂಜಿಗೆ ಹತ್ತಿರದ ಮಾಣಗಾಂವದಲ್ಲಿ ಅಸ್ಪೃಶ್ಯರ ಪರಿಷತ್ತು ನಡೆಯಿತು. ಅಧ್ಯಕ್ಷತೆ ವಹಿಸಿದವರು ಯುವಕ ಭೀಮರಾವ್ ಅಂಬೇಡ್ಕರ್. ನಿಮ್ಮ ನಾಯಕ ನಿಮಗೆ ಸಿಕ್ಕಿದ್ದಾನೆಂದು ಶಾಹು ಆ ಸಭೆಯಲ್ಲಿ ಸಾರಿದರು. ಪರಿಷತ್ತಿನ ಹೊಣೆ ಹೊತ್ತವರಲ್ಲಿ ಮುಂದಿದ್ದವರು ಊರಿನ ಜೈನ ಪಾಟೀಲರಾದ ಅಪ್ಪಾಸಾಹೇಬರು. ಮೇಲುಜಾತಿಯ ಒಬ್ಬ ಗೌಡ ಊರವರ ಸಿಟ್ಟಿಗೆ ಅಂಜದೆ ತನ್ನ ಊರನ್ನು ಆ ಸಭೆಗೆ ತೆರೆದದ್ದನ್ನು ನಮ್ಮ ಹೊಳೆಸಾಲಿನ ಹೆಮ್ಮೆಯೆಂದೇ ಎಣಿಸಬೇಕು.

ಅದೇ ಕಾಲದಲ್ಲಿ ಇಚಲಕರಂಜಿಯ ಜಹಗೀರುದಾರ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರ ಉತ್ತೇಜನದಿಂದ ವಿಠ್ಠಲರಾವ್ ದಾತಾರ್ 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಹಾಕಿದರು. ಅಲ್ಲಿಂದ ಬೆಳೆದ ಮಗ್ಗದ ಸದ್ದು ಇಚಲಕರಂಜಿಯನ್ನು ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಮಾಡಿತು. ಗಡಿಯ ಕನ್ನಡ ಹಳ್ಳಿಗಳ ಎಷ್ಟೋ ಮಂದಿಗೆ ಅನ್ನ ಕೊಟ್ಟದ್ದೂ ಆ ಮಗ್ಗಗಳೇ. ಈ ಆಸ್ಥಾನಗಳು ಸಂಗೀತವನ್ನೂ ಸಾಕಿದವು. ಗ್ವಾಲಿಯರ್ ಘರಾಣೆಯ ಗಾಯನಶೈಲಿಯನ್ನು ದಕ್ಷಿಣಕ್ಕೆ ತಂದ ಬಾಳಕೃಷ್ಣಬುವಾ ಇಚಲಕರಂಜಿಯ ಆಸ್ಥಾನ ಗಾಯಕರು. ಅವರ ಶಿಷ್ಯ ವಿಷ್ಣು ದಿಗಂಬರ ಪಲುಸ್ಕರ್ ಹುಟ್ಟಿದ್ದು ಕುರುಂದವಾಡದಲ್ಲಿ. ಶಾಹು ಆಸ್ಥಾನದಲ್ಲಿದ್ದ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನ್ ಅವರಲ್ಲಿ ಕಲಿತ ಮಲ್ಲಿಕಾರ್ಜುನ ಮನ್ಸೂರರು ಖಾನರ ಗಾಯನಶೈಲಿಯನ್ನು ಧಾರವಾಡದ ಮನೆಮಾತಾಗಿಸಿದರು.

ಬಾಂದಾರದ ಬುದ್ಧಿವಂತಿಕೆ

ರಾಧಾನಗರಿಯ ನೀರು ಹೊಲ ಮುಟ್ಟಿದ ಬಗೆ ವಿಶಿಷ್ಟ. ನೂರಾರು ಮೈಲಿ ಕಾಲುವೆ ತೋಡುವ ಬದಲು ಹೊಳೆಯನ್ನೇ ಕಾಲುವೆಯಾಗಿ ಬಳಸಿದರು. ಅಣೆಕಟ್ಟಿನಿಂದ ಸರದಿಯಂತೆ ಹೊಳೆಗೆ ನೀರು ಬಿಡುವುದು, ದಾರಿಯುದ್ದಕ್ಕೂ ಬಾಂದಾರಗಳಲ್ಲಿ ಅದನ್ನು ತಡೆದು ನಿಲ್ಲಿಸುವುದು, ದಡದ ರೈತರು ಪಂಪು ಹಚ್ಚಿ ಎತ್ತಿಕೊಳ್ಳುವುದು. ಇಂದು ಬೆಳಗಾವಿಯಿಂದ ಬೀದರದವರೆಗೆ ಕಾಣುವ ಕೊಲ್ಹಾಪುರ ಮಾದರಿ ಬಾಂದಾರಕ್ಕೆ ಹೆಸರು ಬಂದದ್ದು ಇಲ್ಲಿಂದಲೇ.

ಅದರ ರಚನೆ ಸರಳ. ಹೊಳೆಗೆ ಅಡ್ಡಲಾಗಿ ಸಾಲಾಗಿ ಗಟ್ಟಿ ಕಂಬಗಳು. ಪ್ರತಿ ಕಂಬದ ಮಗ್ಗುಲಲ್ಲಿ ಮೇಲಿನಿಂದ ಕೆಳಕ್ಕೆ ಎರಡೆರಡು ಕೊರೆತ, ಅಂದರೆ ಗಾಡಿ. ಮಳೆಗಾಲ ಮುಗಿದು ಹೊಳೆ ತಿಳಿಯಾದ ಮೇಲೆ ಆಳುಗಳು ಆ ಗಾಡಿಗಳಲ್ಲಿ ಹಲಗೆಗಳನ್ನು ಒಂದರ ಮೇಲೊಂದು ಇಳಿಬಿಡುತ್ತಾರೆ. ಎರಡು ಸಾಲು ಹಲಗೆಗಳ ನಡುವೆ ಮಣ್ಣು ತುಂಬಿ ತುಳಿದರೆ ನೀರು ನಿಲ್ಲುತ್ತದೆ. ಮೇಲಿನ ಸೇತುವೆಯ ಮೇಲೆ ಚಕ್ಕಡಿ, ಸೈಕಲ್ಲು, ಶಾಲೆಯ ಮಕ್ಕಳು ಓಡಾಡುತ್ತಾರೆ. ಮುಂಗಾರು ಮುಟ್ಟುವ ಮೊದಲು ಹಲಗೆಗಳನ್ನೆಲ್ಲ ಕಿತ್ತು ದಡಕ್ಕೆ ಹಾಕಬೇಕು. ತಡಮಾಡಿದರೆ ಮಹಾಪೂರದ ರಭಸ ಕಟ್ಟೆಯನ್ನೇ ಕಿತ್ತೊಯ್ಯುತ್ತದೆ, ಇಲ್ಲವೆ ಹೊಳೆ ದಡ ಕೊರೆದು ಪಕ್ಕಕ್ಕೆ ನುಗ್ಗುತ್ತದೆ. ಹಿಡಿಯುವ ಕಾಲಕ್ಕೆ ಹಿಡಿಯಬೇಕು, ಬಿಡುವ ಕಾಲಕ್ಕೆ ಬಿಡಬೇಕು. ಬಾಂದಾರ ನಡೆಯುವುದೇ ಈ ನಿಯಮದ ಮೇಲೆ.

ಹೊಳೆಯಿಂದ ದೂರದ ಮಡ್ಡಿಗೆ ನೀರೇರಿಸಲು ಒಬ್ಬ ರೈತನ ಕೈಯಲ್ಲಿ ಆಗದು. ಅದಕ್ಕೆಂದೇ ಏತ ನೀರಾವರಿ ಸಹಕಾರ ಸಂಘಗಳು ಹುಟ್ಟಿದವು. ನೀರು ಬಂದಲ್ಲಿ ಕಬ್ಬು ಬಂತು, ಕಬ್ಬಿನ ಬೆನ್ನಿಗೆ ಕಾರ್ಖಾನೆ. ಶಿರೋಳ ತಾಲ್ಲೂಕಿನ ನಿಮಶಿರಗಾಂವದ ಕುಂಬಾರ ಮನೆಯಲ್ಲಿ ಹುಟ್ಟಿ, ಸಂಸ್ಥಾನದ ಜನರ ಹೋರಾಟದಲ್ಲಿ ಭೂಗತರಾಗಿ ದುಡಿದು, ಸಂವಿಧಾನ ರಚನಾ ಸಭೆಯಲ್ಲಿ ಕುಳಿತ ರತ್ನಪ್ಪ ಕುಂಭಾರರು ಇಚಲಕರಂಜಿಯ ಬಳಿ ಪಂಚಗಂಗಾ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು ಕಟ್ಟಿದರು. ರೈತನೇ ಕಾರ್ಖಾನೆಯ ಷೇರುದಾರನಾದ. ಕಬ್ಬಿನ ದರದ ಹೋರಾಟಕ್ಕೂ ಇದೇ ನೆಲ ಗಟ್ಟಿ ನೆಲೆಯಾಯಿತು. ಶಾಹು ತಮ್ಮ ತಂದೆಯ ಹೆಸರಿನಲ್ಲಿ ಕಟ್ಟಿಸಿದ ಜಯಸಿಂಗಪುರದಲ್ಲಿ ನಡೆಯುವ ಕಬ್ಬು ಪರಿಷತ್ತಿನ ಮಾತಿಗೆ ಚಿಕ್ಕೋಡಿ, ಅಥಣಿಯ ರೈತರೂ ಕಿವಿಗೊಡುತ್ತಾರೆ.

ಕಾರ್ಖಾನೆಗಳ ನಡುವೆಯೂ ಬೆಲ್ಲದ ಗಾಣ ಉಳಿದಿದೆ. ಹಿಂಡಿದ ಕಬ್ಬಿನ ಹಾಲು ಅಗಲವಾದ ಕಡಾಯಿಯಲ್ಲಿ ಕುದಿಯುತ್ತದೆ. ಒಲೆಗೆ ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆಯೇ ಉರುವಲು. ಬೆಂಡೆಗಿಡದ ಲೋಳೆಯನ್ನು ಬೆರೆಸಿದಾಗ ಕೊಳೆಯೆಲ್ಲ ನೊರೆಯಾಗಿ ಮೇಲೇಳುತ್ತದೆ, ಅದನ್ನು ಜಾಲರಿಯಿಂದ ತೆಗೆದು ಚೆಲ್ಲುತ್ತಾರೆ. ಪಾಕದ ಹದ ಬಲ್ಲವನು ಒಬ್ಬನೇ. ಕುದಿಯುವ ಸದ್ದು, ಗುಳ್ಳೆಯ ಗಾತ್ರ, ಬಣ್ಣ ನೋಡಿ ಅವನು ಕೈಯೆತ್ತಿದಾಗ ಎಲ್ಲರೂ ಕೂಡಿ ಕಡಾಯಿ ಬಗ್ಗಿಸಬೇಕು. ಕ್ಷಣ ಹೆಚ್ಚು ಕಡಿಮೆಯಾದರೆ ಪೆಂಟೆ ಕಟ್ಟುವುದಿಲ್ಲ. ಕೊಲ್ಹಾಪುರದ ಬೆಲ್ಲಕ್ಕೆ ಇಂದು ಭೌಗೋಳಿಕ ಸೂಚಿಯ ಮಾನ್ಯತೆಯಿದೆ. ಅದನ್ನು ಗಳಿಸಿಕೊಟ್ಟದ್ದು ಈ ಹದಗಾರರ ಕಣ್ಣು.

ಹಬ್ಬದಲ್ಲಿಯೂ ಹೊಳೆಸಾಲಿನ ನಂಟು ಎದ್ದು ಕಾಣುತ್ತದೆ. ಇಚಲಕರಂಜಿಯಲ್ಲಿ ಕಾರಹುಣ್ಣಿಮೆ 'ಕರ್ನಾಟಕಿ ಬೇಂದೂರ'ವಾಗಿ ಸಡಗರದಿಂದ ನಡೆಯುತ್ತದೆ. ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಝೂಲ ಹೊದಿಸಿ ಮೆರೆಸುತ್ತಾರೆ. ಮರದ ದಿಮ್ಮಿ ಎಳೆಸುವ ಪಂದ್ಯಕ್ಕೆ ಜನ ಕಿಕ್ಕಿರಿಯುತ್ತಾರೆ. ಸಂಜೆ ಕರಿ ಹರಿಯುವ ಹೊತ್ತಿಗೆ ಊರೇ ಬೀದಿಗಿಳಿಯುತ್ತದೆ. ಮಗ್ಗದ ಪಟ್ಟಣವಾಗಿ ನೂರು ವರ್ಷ ಕಳೆದರೂ ಇಚಲಕರಂಜಿ ಒಕ್ಕಲುತನದ ಹಬ್ಬವನ್ನು ಬಿಟ್ಟಿಲ್ಲ. ಗಡಹಿಂಗ್ಲಜದ ಕಡೆಗೆ ಹೋದರೆ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಮರಾಠಿ ಆಡುವ ಹಳ್ಳಿಗಳು ಸಿಗುತ್ತವೆ. ಅಲ್ಲಿನ ಮಾರುಕಟ್ಟೆಗೆ ಬರುವ ಕೆಂಪು ಮೆಣಸಿನಕಾಯಿಗೆ ಇಂದಿಗೂ ಸಂಕೇಶ್ವರಿ ಎಂದೇ ಹೆಸರು.

ಬಿಡುವುದನ್ನೂ ಕಲಿಯಬೇಕಾದ ಕಾಲ

ನೀರು ಹಿಡಿಯುವುದರಲ್ಲಿ ಗೆದ್ದ ನಾಡು ಈಗ ಅದೇ ನೀರಿನಿಂದ ಮೂರು ಸಂಕಟಗಳನ್ನು ಎದುರಿಸುತ್ತಿದೆ. ಮೊದಲನೆಯದು ನೆಲದ್ದು. ವರ್ಷವಿಡೀ ಕಬ್ಬು, ಅಳತೆಯಿಲ್ಲದ ನೀರು, ಮೂಟೆಗಟ್ಟಲೆ ರಸಗೊಬ್ಬರ. ಶಿರೋಳದ ಎರೆಭೂಮಿ ಸಾವಿರಾರು ಎಕರೆ ಸವಳು-ಜವಳಾಗಿ ಬೆಳ್ಳಗೆ ಬಿಳಿಚಿಕೊಂಡಿತು. ಎರಡನೆಯದು ಹೊಳೆಯದ್ದು. ನಗರಗಳ ಹೊಲಸು, ಕಾರ್ಖಾನೆ ಮತ್ತು ಬಣ್ಣದ ಘಟಕಗಳ ನೀರು ಪಂಚಗಂಗೆಗೆ ಸೇರಿ ಮೀನುಗಳು ತೇಲಿದವು. 2012ರ ಬೇಸಿಗೆಯಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹಬ್ಬಿ ಜನ ಸತ್ತರು. ಹೊಳೆ ಪಕ್ಕದಲ್ಲೇ ಹರಿಯುತ್ತಿದ್ದರೂ ಕೃಷ್ಣೆಯಿಂದ ಕೊಳವೆಯಲ್ಲಿ ನೀರು ತರುವ ಸ್ಥಿತಿ ಆ ಊರಿಗೆ ಬಂದಿದೆ. ದೂಧಗಂಗೆಯಿಂದ ತರುತ್ತೇವೆಂದರೆ ಕಾಗಲದ ರೈತರು ಅದು ತಮ್ಮ ಪಾಲಿನ ನೀರೆಂದು ತಡೆಯುತ್ತಾರೆ. ಮೂರನೆಯದು ಮಹಾಪೂರ. 2005, 2019, 2021ರಲ್ಲಿ ಶಿರೋಳ ತಾಲ್ಲೂಕು ನಡುಗಡ್ಡೆಯಾಯಿತು, ಪುಣೆ–ಬೆಂಗಳೂರು ಹೆದ್ದಾರಿ ನೀರಿನಡಿ ಹೋಯಿತು. ನಮ್ಮ ಚಿಕ್ಕೋಡಿ, ಅಥಣಿ, ಜಮಖಂಡಿಯ ಹೊಳೆಸಾಲಿನವರೂ ಸಾಮಾನು ಹೊತ್ತು ಗಂಜಿಕೇಂದ್ರ ಸೇರಿದರು.

ಮೂರಕ್ಕೂ ಮದ್ದು ಒಂದೇ ಬಗೆಯದು. ಶಿರೋಳದ ದತ್ತ ಸಹಕಾರಿ ಸಕ್ಕರೆ ಕಾರ್ಖಾನೆಯ ಸುತ್ತಲಿನ ರೈತರು ಅದನ್ನು ತೋರಿಸಿಕೊಟ್ಟಿದ್ದಾರೆ. ಹೊಲದ ಅಡಿಯಲ್ಲಿ ತೂತಿನ ಕೊಳವೆ ಹೂತು, ಉಪ್ಪುನೀರನ್ನು ಬಸಿದು ಹೊರಹಾಕಿ, ಬಂಜರು ಬಿದ್ದ ನೆಲವನ್ನು ಮತ್ತೆ ಹಸಿರಾಗಿಸಿದರು. ಇದು ಒಬ್ಬನಿಂದ ಆಗುವ ಕೆಲಸವಲ್ಲ. ಪಕ್ಕದವನ ಹೊಲವನ್ನು ದಾಟದೆ ಬಸಿನೀರು ಹಳ್ಳ ಮುಟ್ಟುವುದಿಲ್ಲ. ಊರೇ ಒಪ್ಪಿ ಕೈಜೋಡಿಸಬೇಕು. ನೀರೇರಿಸಲು ಸಂಘ ಕಟ್ಟಿದ ಜನ ನೀರಿಳಿಸಲೂ ಸಂಘ ಕಟ್ಟಿದರು.

ಹೊಳೆಯ ಹೊಲಸಿಗೂ ಮಹಾಪೂರಕ್ಕೂ ಇದೇ ಹಾದಿ, ಆದರೆ ಊರಿಗಿಂತ ದೊಡ್ಡ ಒಪ್ಪಂದ ಬೇಕು. 1977ರಿಂದ ಮೂರು ದಶಕ ಇಚಲಕರಂಜಿ ಹೆಸರಿನ ಲೋಕಸಭಾ ಕ್ಷೇತ್ರವೊಂದು ಪಂಚಗಂಗೆಯಿಂದ ಹಿರಣ್ಯಕೇಶಿಯವರೆಗಿನ ಈ ಸೀಮೆಯನ್ನು ಒಂದುಗೂಡಿಸಿತ್ತು. 2008ರ ಮರುವಿಂಗಡಣೆಯಲ್ಲಿ ಅದು ಹೋಗಿ, ಉತ್ತರದ ಭಾಗ ಹಾತಕಣಂಗಲೆ ಕ್ಷೇತ್ರಕ್ಕೂ ಗಡಹಿಂಗ್ಲಜದ ಕಡೆ ಕೊಲ್ಹಾಪುರ ಕ್ಷೇತ್ರಕ್ಕೂ ಹಂಚಿಹೋಯಿತು. ಗಡಿಯ ಈಚೆ ಚಿಕ್ಕೋಡಿ ಕ್ಷೇತ್ರ. ಕ್ಷೇತ್ರದ ಗೆರೆಗಳು ಮತ್ತೆಯೂ ಬದಲಾಗಬಹುದು, ಹೊಳೆಯ ಇಳಿಜಾರು ಬದಲಾಗದು. ಪ್ರತಿ ಮಳೆಗಾಲ ನಮ್ಮ ಪತ್ರಿಕೆಗಳು ಮಹಾರಾಷ್ಟ್ರದ ರಾಜಾಪುರ ಬಾಂದಾರದಿಂದ ಇಷ್ಟು ಕ್ಯುಸೆಕ್, ದೂಧಗಂಗೆಯಿಂದ ಇಷ್ಟು ಕ್ಯುಸೆಕ್, ಕಲ್ಲೋಳದ ಬಳಿ ಕೃಷ್ಣೆಗೆ ಒಟ್ಟು ಇಷ್ಟು ಎಂದು ಬರೆಯುತ್ತವೆ. ಬೇಸಿಗೆ ಬಂದರೆ ಅದೇ ರಾಜಾಪುರದಿಂದ ನೀರು ಬಿಡಿಸಿರೆಂದು ಬೆಳಗಾವಿಯ ರೈತರು ಕೇಳುತ್ತಾರೆ. ಪೂರ ಬಂದಾಗ ಕೆಳಗಿನ ಆಲಮಟ್ಟಿ ಅಣೆಕಟ್ಟಿನ ಗೇಟು ತೆರೆಸಿರೆಂದು ಕೊಲ್ಹಾಪುರದವರು ಕೇಳುತ್ತಾರೆ. ಎರಡೂ ಕಡೆಯ ಬೇಡಿಕೆ ನ್ಯಾಯವಾದದ್ದೇ.

ಜಲಾಶಯಗಳ ಮಟ್ಟವನ್ನು ಎರಡೂ ರಾಜ್ಯಗಳ ಅಧಿಕಾರಿಗಳು ಈಗ ಮಳೆಗಾಲದಲ್ಲಿ ಪರಸ್ಪರ ತಿಳಿಸುತ್ತಿದ್ದಾರೆ. ಅಷ್ಟು ಸಾಲದು. ಹೊಳೆಗೆ ಏನು ಬಿಡಬಹುದು, ಪೂರದ ನೀರಿಗೆ ಎಷ್ಟು ಬಯಲು ಬಿಟ್ಟುಕೊಡಬೇಕು, ಬೇಸಿಗೆಯಲ್ಲಿ ಯಾವ ಬಾಂದಾರ ಎಷ್ಟು ಹಿಡಿಯಬೇಕು ಎಂಬುದನ್ನು ರಾಧಾನಗರಿಯಿಂದ ಆಲಮಟ್ಟಿಯವರೆಗಿನ ರೈತರು, ನಗರದವರು, ಎರಡು ಸರಕಾರಗಳು ಒಂದೇ ಮೇಜಿನ ಸುತ್ತ ಕುಳಿತು ವರ್ಷವಿಡೀ ತೀರ್ಮಾನಿಸಬೇಕು. ಮತಭೇದ ದಾಟಿ ಕೆರೆ ಕಟ್ಟಿದ, ಜಾತಿಭೇದ ದಾಟಿ ಭೂಮಿ ಹಂಚಿದ, ಸ್ವಾರ್ಥ ದಾಟಿ ಸಂಘ ಕಟ್ಟಿದ ಜನರಿಗೆ ರಾಜ್ಯದ ಗಡಿ ದಾಟುವುದು ಅಸಾಧ್ಯವಲ್ಲ. ಅದನ್ನು ಆಗಿಸುವ ಹೊಣೆ ಕೆಳಗಿನ ದಡದಲ್ಲಿ ಬಾಳುವ ನಮ್ಮದೂ ಹೌದು.